ನಾಣ್ಯ ನುಂಗುತ್ತೆ, ಕ್ರೆಡಿಟ್ ಕೊಡಲ್ಲ: ಮನೆಯಲ್ಲಿ ಕಟ್ಟಿದ ಕಾಯಿನ್ ಮಷಿನ್ ಪೆಟ್ಟಿಗೆಯಲ್ಲಿ ದೋಷ ಹುಡುಕುವುದು ಹೇಗೆ

ನಾಣ್ಯ ಹಾಕಿದರೆ ಕೆಳಗಿನ ಬಾಯಿಂದ ಹಾಗೇ ವಾಪಸ್ ಬರುತ್ತದೆ. ಇಲ್ಲವೇ ಒಳಗೆ ಹೋಗುತ್ತದೆ, ಕ್ರೆಡಿಟ್ (ಹಾಕಿದ ನಾಣ್ಯಕ್ಕೆ ಯಂತ್ರ ಕೊಡುವ ಲೆಕ್ಕ) ಬರುವುದಿಲ್ಲ. ಅದೂ ಅಲ್ಲದಿದ್ದರೆ ಯಾರೋ ಪಕ್ಕಕ್ಕೆ ಒರಗಿದ್ದೇ ತಡ, ಹಾಕದ ನಾಣ್ಯಕ್ಕೆ ಕ್ರೆಡಿಟ್ ಬಂದುಬಿಡುತ್ತದೆ. ಇಂಥದ್ದು ಆದಾಗ ಎಲ್ಲರೂ ಮೊದಲು ಕೈ ಹಾಕುವುದು ನಾಣ್ಯವನ್ನು ಪರೀಕ್ಷಿಸಿ ಒಳಗೆ ಬಿಡುವ ಇಲ್ಲವೇ ವಾಪಸ್ ಕಳಿಸುವ ಭಾಗಕ್ಕೆ, ಅಂದರೆ ಕಾಯಿನ್ ಅಕ್ಸೆಪ್ಟರ್‌ಗೆ. ಬಿಚ್ಚುತ್ತಾರೆ, ಒರೆಸುತ್ತಾರೆ, ಸಿಕ್ಕಿದ ಸ್ಕ್ರೂ ಎಲ್ಲ ತಿರುಗಿಸುತ್ತಾರೆ, ಕೊನೆಗೆ ಹೊಸದನ್ನೇ ತಂದು ಕೂರಿಸುತ್ತಾರೆ, ಹೊಸದೂ ಅದೇ ತಕರಾರು ಮಾಡುತ್ತದೆ. ಮನೆಯಲ್ಲಿ ಕಟ್ಟಿದ ಪೆಟ್ಟಿಗೆ ಆದರೆ ನಾನು ಹೇಳುವುದು ಇಷ್ಟೇ: ಮೊದಲು ಪೆಟ್ಟಿಗೆ ನೋಡಿ, ಆಮೇಲೆ ಯಂತ್ರ.

ಕಾರಣ ಸರಳ. ಸಾಮಾನ್ಯ ಅಕ್ಸೆಪ್ಟರ್‌ನಲ್ಲಿ ನಾಣ್ಯವನ್ನು ಎಳೆದುಕೊಳ್ಳುವ ಮೋಟಾರ್ ಇರುವುದಿಲ್ಲ. ನಾಣ್ಯ ತನ್ನ ತೂಕದಿಂದ ತಾನೇ ಉರುಳಿ, ಬಿದ್ದು, ಜಾರಿ ತಳದ ಡಬ್ಬ ಸೇರಬೇಕು. ಹಾಗಾಗಿ ಅಕ್ಸೆಪ್ಟರ್ ನೆಟ್ಟಗೆ ನಿಂತಿರಬೇಕು. ಅದನ್ನು ನೆಟ್ಟಗೆ ನಿಲ್ಲಿಸುವುದು ಬಾಗಿಲು, ಬಾಗಿಲನ್ನು ಹಿಡಿದಿರುವುದು ಮುಂದಿನ ಹಲಗೆ, ಹಲಗೆಯನ್ನು ಹಿಡಿದಿರುವುದು ಪೆಟ್ಟಿಗೆ, ಪೆಟ್ಟಿಗೆ ನಿಂತಿರುವುದು ನಾಲ್ಕು ಕಾಲಿನ ಮೇಲೆ. ಈ ಸಾಲಿನಲ್ಲಿ ಎಲ್ಲೇ ಸಡಿಲವಾದರೂ ತೊಂದರೆ ಕಾಣಿಸುವುದು ಮಾತ್ರ ನಾಣ್ಯದ ಹತ್ತಿರ. ವಿಡಿಯೋ ಗೇಮ್ ಕ್ಯಾಬಿನೆಟ್ ಇರಲಿ, ಗೊಂಬೆ ಎತ್ತುವ ಕ್ರೇನ್ ಮಷಿನ್ ಇರಲಿ, ಮಿಠಾಯಿ ಬೀಳಿಸುವ ಚಿಕ್ಕ ಯಂತ್ರ ಇರಲಿ, ವಿಷಯ ಒಂದೇ.

ಶುರು ಮಾಡುವ ಮುಂಚೆ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಒಳಗೆ ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರ್ ಇದ್ದರೆ ಇನ್ನೂ ಎಚ್ಚರ. ಬಣ್ಣದ ಟ್ಯೂಬ್‌ನ ಪಕ್ಕದಲ್ಲಿ ರಬ್ಬರ್ ಬಟ್ಟಲು ಹೊದಿಸಿದ ದಪ್ಪ ವೈರ್ ಇರುತ್ತದಲ್ಲ, ಅಲ್ಲಿ 20,000 ವೋಲ್ಟ್‌ಗೂ ಮೇಲೆ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಬಹಳ ಹೊತ್ತು ಉಳಿದಿರಬಹುದು. ಮರದ ಕೆಲಸ ಮಾಡುವವರಿಗೆ ಆ ಜಾಗದಲ್ಲಿ ಏನೂ ಕೆಲಸ ಇಲ್ಲ. ಮಾನಿಟರ್ ಹೊರಗೆ ತೆಗೆಯಲೇಬೇಕಾದರೆ ಅದು ಗೊತ್ತಿರುವವರನ್ನು ಕರೆಯಿರಿ.

ಮೊದಲ ಪರೀಕ್ಷೆ: ಅಕ್ಸೆಪ್ಟರ್ ಹೊರಗೆ ತೆಗೆಯಿರಿ

ಬೇರೆ ಏನು ಮಾಡುವುದಕ್ಕೂ ಮುಂಚೆ ಇದೊಂದನ್ನು ಮಾಡಿ, ಅರ್ಧ ಗೊಂದಲ ಇಲ್ಲೇ ಮುಗಿಯುತ್ತದೆ. ಅಕ್ಸೆಪ್ಟರನ್ನು ಬಾಗಿಲಿನಿಂದ ಬಿಚ್ಚಿ. ಬರೀ ಮೆಕ್ಯಾನಿಕಲ್ ಆದರೆ ಕೈಯಲ್ಲೇ ನೆಟ್ಟಗೆ ಹಿಡಿದು ನಾಣ್ಯ ಹಾಕಿ ನೋಡಬಹುದು. ಎಲೆಕ್ಟ್ರಾನಿಕ್ ಆದರೆ ವೈರ್ ಕೀಳಬೇಡಿ, ವೈರ್ ಸಮೇತ ಹೊರಗೆ ತಂದು ಒಂದು ಮರದ ತುಂಡಿಗೆ ಕ್ಲ್ಯಾಂಪ್ ಮಾಡಿ, ಮಟ್ಟಗೋಲು (ಸ್ಪಿರಿಟ್ ಲೆವೆಲ್) ಇಟ್ಟು ಎರಡೂ ದಿಕ್ಕಿನಲ್ಲಿ ನೆಟ್ಟಗಿದೆಯಾ ನೋಡಿಕೊಂಡು, ಆಮೇಲೆ ಕರೆಂಟ್ ಕೊಡಿ. ಇಪ್ಪತ್ತು ನಾಣ್ಯ ಹಾಕಿ. ಹೊಸದು, ಸವೆದದ್ದು ಎರಡೂ ಇರಲಿ.

ಹೊರಗಿದ್ದಾಗ ಎಲ್ಲ ನಾಣ್ಯವನ್ನೂ ಒಪ್ಪಿಕೊಂಡು, ಬಾಗಿಲಿಗೆ ಕೂರಿಸಿದ ಕೂಡಲೇ ತಕರಾರು ಮಾಡಿದರೆ ದೋಷ ಪೆಟ್ಟಿಗೆಯದು. ಹೊರಗೂ ವಾಪಸ್ ಕಳಿಸುತ್ತಿದ್ದರೆ ದೋಷ ಅಕ್ಸೆಪ್ಟರ್‌ನದು. ಆಗ ಅದನ್ನು ಸ್ವಚ್ಛ ಮಾಡಿ, ಹೋಲಿಕೆಗೆ ಒಳಗಿಟ್ಟ ಮಾದರಿ ನಾಣ್ಯ ಅಥವಾ ಸೆಟ್ಟಿಂಗ್ ಸರಿಮಾಡಿ, ಪೆಟ್ಟಿಗೆಯ ತಂಟೆಗೆ ಹೋಗಬೇಡಿ.

ಹೊರಗೆ ಸರಿ ಇದ್ದರೆ ಅಲ್ಲೇ ಇನ್ನೊಂದು ಕೆಲಸ ಮಾಡಿ. ಅಕ್ಸೆಪ್ಟರನ್ನು ಸ್ವಲ್ಪ ಸ್ವಲ್ಪವೇ ಎಡಕ್ಕೆ ಓರೆ ಮಾಡುತ್ತಾ ನಾಣ್ಯ ಹಾಕಿ, ಆಮೇಲೆ ಬಲಕ್ಕೆ, ಹಿಂದಕ್ಕೆ, ಮುಂದಕ್ಕೆ. ಯಾವ ದಿಕ್ಕಿಗೆ ಎಷ್ಟು ವಾಲಿದರೆ ವಾಪಸ್ ಕಳಿಸಲು ಶುರು ಮಾಡುತ್ತದೆ ಅಂತ ಕಣ್ಣಾರೆ ಕಾಣುತ್ತದೆ. ಮೆಕ್ಯಾನಿಕಲ್ ಅಕ್ಸೆಪ್ಟರ್ ಒಳಗೆ ನಾಣ್ಯ ಒಂದು ಪುಟ್ಟ ತೊಟ್ಟಿಲಿನ ಮೇಲೆ ಬೀಳುತ್ತದೆ, ತೂಕ ಸಾಕಾದರೆ ತೊಟ್ಟಿಲು ವಾಲಿ ನಾಣ್ಯವನ್ನು ಇಳಿಜಾರಿಗೆ ಬಿಡುತ್ತದೆ. ಅಲ್ಲಿ ಒಂದು ಅಯಸ್ಕಾಂತದ ಪಕ್ಕ ಹಾದುಹೋಗಬೇಕು. ಕಬ್ಬಿಣದ ಬಿಲ್ಲೆಯನ್ನು ಅಯಸ್ಕಾಂತ ಹಿಡಿದು ನಿಲ್ಲಿಸುತ್ತದೆ. ಅಂಟಿಕೊಳ್ಳದ ಲೋಹವಾದರೆ ಚಲಿಸುವಾಗ ಅದರೊಳಗೆ ಸುಳಿ ವಿದ್ಯುತ್ ಹುಟ್ಟಿ ವೇಗ ತಗ್ಗುತ್ತದೆ, ಎಷ್ಟು ತಗ್ಗುತ್ತದೆ ಅನ್ನುವುದು ಲೋಹದ ಮೇಲೆ ಹೋಗುತ್ತದೆ. ಹೊರಗೆ ಹಾರುವಾಗಿನ ವೇಗ ನೋಡಿಯೇ ಒಳ್ಳೆಯ ನಾಣ್ಯ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ ಬೀಳುತ್ತದೆ. ಈಗ ಯೋಚಿಸಿ, ಇಳಿಜಾರು ಸ್ವಲ್ಪ ಜಾಸ್ತಿಯಾದರೂ ಕಡಿಮೆಯಾದರೂ ವೇಗ ಬದಲಾಗುತ್ತದೆ, ಅಲ್ವಾ? ಎಲೆಕ್ಟ್ರಾನಿಕ್ ಅಕ್ಸೆಪ್ಟರ್ ಲೆಕ್ಕ ಬೇರೆ, ಅದು ನಾಣ್ಯವನ್ನು ಕಾಯಿಲ್‌ಗಳ ನಡುವೆ ಹಾಯಿಸಿ ಅಳೆಯುತ್ತದೆ. ಆದರೂ ನಾಣ್ಯ ಪ್ರತಿ ಸಲ ಅದೇ ಹಳಿಯ ಮೇಲೆ, ಅದೇ ಗೋಡೆಗೆ ಒರಗಿ ಉರುಳಬೇಕು. ಹಿಂದಕ್ಕೋ ಮುಂದಕ್ಕೋ ವಾಲಿದರೆ ಅಳತೆ ತಪ್ಪುತ್ತದೆ.

ಅಲ್ಲಾಟ: ನೆಲವೋ, ಕಾಲೋ, ಪೆಟ್ಟಿಗೆಯೋ?

ಈ ಮೂರನ್ನು ಬೇರೆ ಮಾಡದೆ ಯಾರೂ ಸ್ಕ್ರೂ ಡ್ರೈವರ್ ಮುಟ್ಟಬಾರದು. ಒಬ್ಬರು ಪೆಟ್ಟಿಗೆಯ ಮೇಲ್ಮೂಲೆ ಹಿಡಿದು ಮೆಲ್ಲಗೆ ತಳ್ಳಲಿ, ನೀವು ನೆಲದ ಮೇಲೆ ಕೂತು ಕಾಲುಗಳನ್ನು ನೋಡಿ. ಒಂದು ಕಾಲು ನೆಲ ಬಿಟ್ಟು ಎದ್ದು ಮತ್ತೆ ಕೂತರೆ ಅದು ಮಟ್ಟದ ಸಮಸ್ಯೆ. ಬರೀ ಕಣ್ಣಿಗೆ ಗೊತ್ತಾಗದಿದ್ದರೆ ಪ್ರತಿ ಕಾಲಿನ ಕೆಳಗೂ ಒಂದೊಂದು ಕಾಗದದ ಚೂರು ಇಟ್ಟು ಎಳೆದು ನೋಡಿ, ಸಲೀಸಾಗಿ ಬರುವ ಕಡೆ ಭಾರ ಬೀಳುತ್ತಿಲ್ಲ. ಆ ಕಾಲಿನ ಬೋಲ್ಟ್ ಇಳಿಸಿ, ಮಟ್ಟಗೋಲು ಇಟ್ಟು ಸರಿಮಾಡಿ, ಬೋಲ್ಟ್ ಸಡಿಲವಾಗದಂತೆ ತಡೆಯುವ ಚೆಕ್ ನಟ್ ಬಿಗಿ ಮಾಡಿ.

ಬೋಲ್ಟ್ ಎಷ್ಟು ಇಳಿಸಿದರೂ ಕಾಲು ಮತ್ತೆ ಒಳಗೆ ಹೋಗುತ್ತಿದ್ದರೆ ಬೋಲ್ಟ್ ಹಿಡಿಯಲು ಹಲಗೆಗೆ ಕೂರಿಸಿದ ಟೀ-ನಟ್ ನೋಡಿ. ಇದು ಬಹಳ ಪೆಟ್ಟಿಗೆಗಳಲ್ಲಿ ತಿರುಗುಮುರುಗಾಗಿ ಕೂತಿರುತ್ತದೆ. ಟೀ-ನಟ್‌ಗೆ ಒಂದು ಕಡೆ ಅಗಲವಾದ ತಟ್ಟೆ, ಅದರ ಅಂಚಿನಲ್ಲಿ ಮುಳ್ಳು. ಬೇರೆ ಕಡೆಗಳಲ್ಲಿ ಬೋಲ್ಟ್ ಅದನ್ನು ಎಳೆಯುತ್ತದೆ, ಆದ್ದರಿಂದ ಬೋಲ್ಟ್ ಬರುವ ದಿಕ್ಕಿಗೆ ಎದುರು ಮುಖದಲ್ಲಿ ತಟ್ಟೆ ಕೂರಿಸುವುದು ವಾಡಿಕೆ. ಕಾಲಿನಲ್ಲಿ ಹಾಗಲ್ಲ. ಇಡೀ ಪೆಟ್ಟಿಗೆಯ ಭಾರ ಬೋಲ್ಟನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ತಟ್ಟೆ ತಳದ ಹಲಗೆಯ ಒಳಮುಖದಲ್ಲಿದ್ದರೆ ಭಾರ ಅದನ್ನು ದಿನಾ ಸ್ವಲ್ಪ ಸ್ವಲ್ಪವೇ ಕಿತ್ತು ಮೇಲೆತ್ತುತ್ತದೆ. ಹಲಗೆಯ ಒಳಗಡೆ ಟಾರ್ಚ್ ಬಿಟ್ಟು ನೋಡಿ, ತಟ್ಟೆಯ ಕೆಳಗೆ ಉಗುರು ತೂರುವಷ್ಟು ಸಂದು, ಮುಳ್ಳು ಹೊರಬಂದ ಜಾಗದಲ್ಲಿ ಮೂರೋ ನಾಲ್ಕೋ ಹರಿದ ತೂತು ಕಾಣಿಸಿದರೆ ಇದೇ ಕಥೆ. ಕಾಲಿಗೆ ಹಾಕುವ ಟೀ-ನಟ್‌ನ ತಟ್ಟೆ ತಳದ ಹೊರಮುಖದಲ್ಲಿ, ನೆಲದ ಕಡೆಗೆ ಇರಬೇಕು. ಆಗ ಭಾರ ಬಿದ್ದಷ್ಟೂ ಅದು ಮರಕ್ಕೆ ಒತ್ತಿಕೊಳ್ಳುತ್ತದೆ. ಹರಿದ ಜಾಗದಲ್ಲೇ ಮತ್ತೆ ಹೊಡೆಯಬೇಡಿ. 18 ಮಿ.ಮೀ. ಪ್ಲೈವುಡ್‌ನ ಒಂದು ತುಂಡನ್ನು ಮೂಲೆಗೆ ಅಂಟು ಸ್ಕ್ರೂ ಎರಡೂ ಹಾಕಿ ಕೂರಿಸಿ, ಅದಕ್ಕೆ ಹೊಸ ತೂತು ಕೊರೆಯಿರಿ.

ಕಾಲುಗಳು ನಾಲ್ಕೂ ಗಟ್ಟಿಯಾಗಿ ಕೂತಿವೆ, ಆದರೂ ಮೇಲ್ಭಾಗ ಅತ್ತಿತ್ತ ಹೋಗುತ್ತಿದೆ ಅಂದರೆ ಪೆಟ್ಟಿಗೆಯೇ ಓರೆಯಾಗುತ್ತಿದೆ. ರಟ್ಟಿನ ಡಬ್ಬದ ಮೇಲೂ ಕೆಳಗೂ ತೆರೆದು ಪಕ್ಕದಿಂದ ತಳ್ಳಿದರೆ ಮಡಚಿಕೊಳ್ಳುತ್ತಲ್ಲ, ಹಾಗೆ. ಇದನ್ನು ಅಳೆಯಲು ಟೇಪ್ ಒಂದು ಸಾಕು. ಹಿಂಭಾಗದಲ್ಲಿ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಅಳೆಯಿರಿ, ಆಮೇಲೆ ಇನ್ನೊಂದು ಜೋಡಿ ಮೂಲೆ. ಎರಡೂ ಒಂದೇ ಬಂದರೆ ಪೆಟ್ಟಿಗೆ ಚೌಕವಾಗಿದೆ. 10 ಮಿ.ಮೀ. ವ್ಯತ್ಯಾಸ ಬಂದರೆ ಉದ್ದ ಜಾಸ್ತಿ ಇರುವ ಮೂಲೆಗಳಿಗೆ ಉದ್ದನೆಯ ಕ್ಲ್ಯಾಂಪ್ ಹಾಕಿ, ಆ ಅಳತೆ 5 ಮಿ.ಮೀ. ಇಳಿಯುವ ತನಕ ಬಿಗಿಯಬೇಕು. ಇನ್ನೊಂದು ಅಳತೆ ತಾನಾಗಿ ಅಷ್ಟೇ ಏರುತ್ತದೆ. ಒಂದೇ ಮೂಲೆಯನ್ನು ನೋಡಬೇಕಾದರೆ ಒಂದು ಬದಿಯಲ್ಲಿ 600 ಮಿ.ಮೀ., ಇನ್ನೊಂದರಲ್ಲಿ 800 ಮಿ.ಮೀ. ಗುರುತು ಹಾಕಿ, ಎರಡು ಗುರುತಿನ ನಡುವೆ ಸರಿಯಾಗಿ 1000 ಮಿ.ಮೀ. ಇರಬೇಕು. ಚಿಕ್ಕ ಮೂಲೆಮಟ್ಟಕ್ಕಿಂತ ನಾನು ಇದನ್ನೇ ನಂಬುತ್ತೇನೆ, ದೊಡ್ಡ ಹಲಗೆಯಲ್ಲಿ ಚಿಕ್ಕ ಮೂಲೆಮಟ್ಟದ ಸಣ್ಣ ತಪ್ಪು ತುದಿಗೆ ಹೋಗುವಷ್ಟರಲ್ಲಿ ದೊಡ್ಡದಾಗಿರುತ್ತದೆ.

ಚೌಕ ಮಾಡಿದರೆ ಸಾಲದು, ಹಾಗೇ ಉಳಿಯಬೇಕು. ಅದನ್ನು ಉಳಿಸುವುದು ಹಿಂದಿನ ಹಲಗೆ. ಸ್ಕ್ರೂ ಜಾಸ್ತಿ ಹಾಕಿದರೆ ಪೆಟ್ಟಿಗೆ ಗಟ್ಟಿಯಾಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಓರೆಯಾಗುವ ಪೆಟ್ಟಿಗೆಗೆ ಮೂಲೆಯಲ್ಲಿ ಇನ್ನೂ ಹತ್ತು ಸ್ಕ್ರೂ ಹೊಡೆದರೂ ಅದು ಓರೆಯಾಗುತ್ತದೆ, ಜೊತೆಗೆ ತೂತುಗಳೂ ಅಗಲವಾಗುತ್ತವೆ. ಬರೀ 6 ಮಿ.ಮೀ. ಪ್ಲೈವುಡ್ ಹಾಳೆಯನ್ನು ಹಿಂದೆ ಅಂಟು ಹಚ್ಚಿ, ಸುತ್ತಲೂ 100ರಿಂದ 150 ಮಿ.ಮೀ.ಗೆ ಒಂದರಂತೆ ಸ್ಕ್ರೂ ಹಾಕಿ ಕೂರಿಸಿ ನೋಡಿ, ಅಲ್ಲಾಟ ನಿಂತುಹೋಗುತ್ತದೆ. ಒಂದೇ ಹಾಳೆಯ ಮೂಲೆಯಿಂದ ಮೂಲೆಯ ಅಳತೆ ಬದಲಾಗುವಂತಿಲ್ಲ, ಆದ್ದರಿಂದ ಅದಕ್ಕೆ ಅಂಟಿದ ಪೆಟ್ಟಿಗೆಯೂ ಓರೆಯಾಗುವಂತಿಲ್ಲ.

ಆದರೆ ಹಿಂದೆ ಬಾಗಿಲು ಬೇಕೇ ಬೇಕು, ಇಲ್ಲದಿದ್ದರೆ ಒಳಗೆ ಕೈ ಹಾಕುವುದು ಹೇಗೆ? ತೆಗೆದು ಹಾಕುವ ಬಾಗಿಲಿನಿಂದ ಪೆಟ್ಟಿಗೆಗೆ ಏನೂ ಬಲ ಬರುವುದಿಲ್ಲ. ಹಿಂಭಾಗವನ್ನು ಪೂರ್ತಿ ತೆರೆದು ಒಂದೇ ದೊಡ್ಡ ಬಾಗಿಲು ಮಾಡಿದ್ದರೆ ಅಲ್ಲಾಟದ ಕಾರಣ ಸಿಕ್ಕಿಹೋಯಿತು. ಮೇಲೆ 150 ಮಿ.ಮೀ., ಕೆಳಗೆ 200 ಮಿ.ಮೀ. ಅಗಲದ ದಪ್ಪ ಪಟ್ಟಿಗಳನ್ನು ಕಾಯಂ ಆಗಿ ಅಂಟಿಸಿ, ನಾಲ್ಕೂ ಒಳಮೂಲೆಗೆ ಪ್ಲೈವುಡ್‌ನ ತ್ರಿಕೋನ ತುಂಡು ಕೂರಿಸಿ, ನಡುವೆ ಉಳಿದ ಜಾಗಕ್ಕೆ ಬಾಗಿಲು ಮಾಡಿ.

ಸಂದು ಬಿಡುವುದು, ಸ್ಕ್ರೂ ಸುಮ್ನೆ ತಿರುಗುವುದು

ಸ್ಕ್ರೂ ತಿರುಗುತ್ತಲೇ ಇದೆ, ಬಿಗಿಯಾಗುವುದಿಲ್ಲ. ಇದು ಮರದ ನಾರು, ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಗಳ, ಅಂದರೆ ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡ್‌ನ ಖಾಯಿಲೆ. ಎಂಡಿಎಫ್ ಹಾಳೆಯ ಮುಖ ಗಟ್ಟಿ, ಅಂಚು ಮೆತ್ತಗೆ. ಅಂಚಿನೊಳಗೆ ತೂತು ಕೊರೆಯದೆ ಸ್ಕ್ರೂ ನುಗ್ಗಿಸಿದರೆ ಅದು ಹಾಳೆಯನ್ನು ಎರಡು ಪದರವಾಗಿ ಸೀಳುತ್ತದೆ. ಹೊರಗೆ ಬಣ್ಣ ಬಳಿದಿದ್ದರೆ ಸೀಳು ಕಾಣುವುದಿಲ್ಲ. ಅಂಚಿನ ಮೇಲೆ ಬೆರಳು ಸವರಿ, ಸ್ಕ್ರೂ ಇರುವ ಕಡೆ ಸಣ್ಣ ಉಬ್ಬು ಕೈಗೆ ಸಿಗುತ್ತದೆ. ಸ್ಕ್ರೂ ಹೊರಗೆ ತೆಗೆದಾಗ ಎಳೆಗಳ ನಡುವೆ ಹಿಟ್ಟಿನಂಥ ಪುಡಿ ಅಂಟಿಕೊಂಡು ಬಂದರೆ ಒಳಗಿನ ಹಿಡಿತ ಮುಗಿದಿದೆ ಅಂತಲೇ ಅರ್ಥ. ಅದಕ್ಕಿಂತ ದಪ್ಪ ಸ್ಕ್ರೂ ಹಾಕುವ ಆಸೆ ಬರುತ್ತದೆ. ಬೇಡ. ಸೀಳು ಇನ್ನೂ ಉದ್ದವಾಗುತ್ತದೆ.

ಸೀಳಿಗೆ ತೆಳುವಾದ ಮರದ ಅಂಟು ಬಿಟ್ಟು, ಎರಡೂ ಕಡೆ ಮರದ ತುಂಡು ಇಟ್ಟು ಕ್ಲ್ಯಾಂಪ್ ಬಿಗಿಯಿರಿ, ಒಂದು ದಿನ ಮುಟ್ಟಬೇಡಿ. ಅಂಟು ಒಂದು ಗಂಟೆಯಲ್ಲಿ ಹಿಡಿದಂತೆ ಕಂಡರೂ ಪೂರ್ತಿ ಬಲ ಬರಲು 24 ಗಂಟೆ ಬೇಕು. ಹಾಳಾದ ತೂತನ್ನು 10 ಮಿ.ಮೀ. ಬಿಟ್ಟಿನಿಂದ ಕೊರೆದು ಗಟ್ಟಿ ಮರದ ಗೂಟ ಅಂಟಿಸಬಹುದು. ಆದರೆ ಗೂಟ ಅಂಚಿನಿಂದ ನೇರ ಒಳಗೆ ಹೋದರೆ ಸ್ಕ್ರೂ ಅದರ ತಲೆಯೊಳಗೆ, ಎಳೆಯ ಉದ್ದಕ್ಕೆ ಇಳಿಯುತ್ತದೆ, ಆ ದಿಕ್ಕಿನಲ್ಲಿ ಮರದ ಹಿಡಿತ ಕಡಿಮೆ. ಅದರ ಬದಲು ಒಳಮುಖದಿಂದ ಅಡ್ಡಲಾಗಿ ಗೂಟ ಇಳಿಸಿ, ಸ್ಕ್ರೂ ಅದರ ಹೊಟ್ಟೆಯನ್ನು ಅಡ್ಡ ಹಾಯುವಂತೆ ಮಾಡಿ. ಕೆಲಸ ಸ್ವಲ್ಪ ಜಾಸ್ತಿ, ಹಿಡಿತ ಎಷ್ಟೋ ಪಾಲು ಉತ್ತಮ.

ಇದಕ್ಕಿಂತ ಒಳ್ಳೆಯ ದಾರಿ ಅಂಚನ್ನು ನಂಬದೇ ಇರುವುದು. ಒಳಮೂಲೆಯ ಉದ್ದಕ್ಕೂ 25 ಮಿ.ಮೀ. ಚೌಕದ ರೀಪರ್ (ಮರದ ಪಟ್ಟಿ) ಅಂಟಿಸಿ, ಎರಡೂ ಹಲಗೆಯ ಮುಖದೊಳಗೆ ಸ್ಕ್ರೂ ಹಾಕಿ. ಭಾರವೆಲ್ಲ ಅಂಟಿನ ಅಗಲ ಪಟ್ಟಿಯ ಮೇಲೆ ಹರಡುತ್ತದೆ, ಸ್ಕ್ರೂಗಳು ಬರೀ ಅಂಟು ಒಣಗುವ ತನಕ ಹಿಡಿದಿಡುತ್ತವೆ. ಒಂದು ಷರತ್ತು: ಅಂಟು ಬರೀ ಮರದ ಮುಖಕ್ಕೆ ಹಿಡಿಯುತ್ತದೆ, ಬಣ್ಣಕ್ಕೋ ಲ್ಯಾಮಿನೇಟ್‌ಗೋ ಹಿಡಿಯುವುದಿಲ್ಲ. ಬಣ್ಣ ಬಳಿದ ಒಳಮೂಲೆಗೆ ಹಾಗೇ ರೀಪರ್ ಅಂಟಿಸಿದ್ದರೆ ಒಂದು ಉಳಿ ತೂರಿಸಿ ಎತ್ತಿ ನೋಡಿ, ಬಣ್ಣದ ಪದರ ಸಮೇತ ಎದ್ದು ಬರುತ್ತದೆ. ಮೊದಲು ಉಜ್ಜಿ ಮರ ಕಾಣಿಸಿ. ಎಂಡಿಎಫ್ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಬಹಳ ನಯ, ನೇರ ಎದೆಗೆ ಹೋಗುತ್ತದೆ.

ಅಂಚಿಗೇ ಸ್ಕ್ರೂ ಹಾಕಲೇಬೇಕಾದರೆ 7 × 50 ಮಿ.ಮೀ. ಕನ್ಫರ್ಮ್ಯಾಟ್ ಸ್ಕ್ರೂ (ಇಂಥ ಹಲಗೆ ಜೋಡಿಸಲೆಂದೇ ಮಾಡಿದ ದಪ್ಪ ಸ್ಕ್ರೂ) ಬಳಸಿ. ಅಂಚಿನಲ್ಲಿ 5 ಮಿ.ಮೀ., ಮೇಲಿನ ಹಲಗೆಯಲ್ಲಿ 7 ಮಿ.ಮೀ. ತೂತು. ತುದಿಯಿಂದ ದೂರವಿಟ್ಟು ಹಾಕಿ, ಮೂಲೆಗೆ ತೀರಾ ಹತ್ತಿರ ಹಾಕಿದ್ದೇ ಮೊದಲು ಒಡೆಯುವುದು.

ಕಾಯಿನ್ ಬಾಗಿಲು

ಬಾಗಿಲು ಉಜ್ಜುತ್ತಿದ್ದರೆ ಎಲ್ಲಿ ಉಜ್ಜುತ್ತಿದೆ ಅಂತ ನೋಡದೆ ರಂದ ಹೊಡೆಯಬೇಡಿ. ಅಂಚಿಗೆ ಸೀಮೆಸುಣ್ಣ ಬಳಿದು ಒಂದು ಸಲ ಮುಚ್ಚಿ ತೆಗೆಯಿರಿ, ಸುಣ್ಣ ಅಳಿಸಿದ ಜಾಗವೇ ಜಾಗ. ಬೀಗದ ಕಡೆ ಕೆಳಮೂಲೆ ಉಜ್ಜುತ್ತಿದ್ದರೆ ಬಾಗಿಲು ಜೋತುಬಿದ್ದಿದೆ, ಮೇಲಿನ ಕೀಲಿನ ಸ್ಕ್ರೂ ಸಡಿಲವಾಗಿರುತ್ತದೆ. ಬಾಗಿಲು ಎತ್ತಿ ಹಿಡಿದು ಅದನ್ನು ಬಿಗಿ ಮಾಡಿದರೆ ಮುಗಿಯಿತು. ಇಡೀ ಬೀಗದ ಬದಿ ಉಜ್ಜುತ್ತಿದ್ದರೆ, ಅದೂ ತೇವದ ದಿನಗಳಲ್ಲಿ ಮಾತ್ರ, ಆಗ ಘನ ಮರದ ಚೌಕಟ್ಟು ಎಳೆಗೆ ಅಡ್ಡಲಾಗಿ ಉಬ್ಬಿದೆ. ಪ್ಲೈವುಡ್‌ನಲ್ಲಿ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಈ ಕಾಟ ಬಹಳ ಕಡಿಮೆ.

ಇನ್ನೊಂದು ದೋಷ ಹೊರಗೆ ಕಾಣುವುದೇ ಇಲ್ಲ. ಕಬ್ಬಿಣದ ಕಾಯಿನ್ ಬಾಗಿಲಿನ ಚೌಕಟ್ಟನ್ನು ಒಳಗಿನಿಂದ ಕ್ಲ್ಯಾಂಪ್ ಪಟ್ಟಿಗಳಲ್ಲಿ ಹಿಡಿದಿರುತ್ತಾರೆ. ಮುಂದಿನ ಹಲಗೆ ಸ್ವಲ್ಪ ಬಾಗಿದ್ದರೂ, ಆ ಕ್ಲ್ಯಾಂಪ್ ಬಿಗಿದಷ್ಟೂ ಚೌಕಟ್ಟು ಹಲಗೆಯ ಬಾಗನ್ನೇ ಹಿಡಿಯುತ್ತದೆ, ಅದರ ಜೊತೆ ಅಕ್ಸೆಪ್ಟರೂ ತಿರುಚಿಕೊಳ್ಳುತ್ತದೆ. ಬಾಗಿಲು ಮುಚ್ಚಿದಾಗ ಮಾತ್ರ ನಾಣ್ಯ ವಾಪಸ್ ಬರುತ್ತಿದೆ, ತೆರೆದಾಗ ಸರಿಯಾಗಿ ಹೋಗುತ್ತಿದೆ ಅಂದರೆ ನನ್ನ ಮೊದಲ ಅನುಮಾನ ಇದರ ಮೇಲೇ. ಎಲ್ಲ ಕ್ಲ್ಯಾಂಪ್ ಅರ್ಧ ಸುತ್ತು ಸಡಿಲಿಸಿ ನಾಣ್ಯ ಹಾಕಿ. ಹೋದರೆ ಹಲಗೆಯ ಮೇಲೆ ಉದ್ದನೆಯ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ಸಂದು ನೋಡಿ, ತಗ್ಗಿರುವ ಕಡೆ ತೆಳು ರಟ್ಟೋ ತಗಡೋ ಇಟ್ಟು ಮತ್ತೆ ಬಿಗಿಯಿರಿ. 12 ಮಿ.ಮೀ. ಹಲಗೆಗೆ ಕಾಯಿನ್ ಬಾಗಿಲು ಕೂರಿಸಿದ್ದರೆ ಈ ತೊಂದರೆ ಮತ್ತೆ ಮತ್ತೆ ಬರುತ್ತದೆ. ಕತ್ತರಿಸಿದ ತೂತಿನ ಸುತ್ತ ಒಳಗಿನಿಂದ ಇನ್ನೊಂದು ಪದರ ಪ್ಲೈವುಡ್ ಅಂಟಿಸಿ 18 ಮಿ.ಮೀ. ಆಗುವ ಹಾಗೆ ದಪ್ಪ ಮಾಡುವುದೇ ಕಾಯಂ ಪರಿಹಾರ.

ನಾಣ್ಯ ಒಪ್ಪಿಕೊಂಡಿತು, ಆದರೆ ಡಬ್ಬ ಸೇರಲಿಲ್ಲ

ಇದು ಪೂರ್ತಿ ಬಡಗಿ ಕೆಲಸದ ದೋಷ. ಅಕ್ಸೆಪ್ಟರ್ ಕೆಳಗಿನ ಜಾರುಹಾದಿಯನ್ನು ನೋಡಿ. ಎರಡು ತುಂಡು ಸೇರುವ ಕಡೆ ಮೇಲಿನದು ಕೆಳಗಿನದರ ಒಳಗೆ ಇಳಿದಿರಬೇಕು. ತಿರುಗುಮುರುಗಾದರೆ ಕೆಳಗಿನದರ ಅಂಚು ಒಂದು ಮೆಟ್ಟಿಲಾಗುತ್ತದೆ. ಅರ್ಧ ಮಿ.ಮೀ. ಮೆಟ್ಟಿಲು ಸಾಕು, ನಿಧಾನವಾಗಿ ಬರುವ ನಾಣ್ಯ ಅಲ್ಲಿ ಅಂಚಿನ ಮೇಲೆ ನಿಂತುಬಿಡುತ್ತದೆ, ಮುಂದಿನದು ಅದರ ಬೆನ್ನಿಗೆ, ಹೀಗೆ ಮೇಲಿನ ತನಕ ತುಂಬುತ್ತದೆ. ಇಳಿಜಾರು 45 ಡಿಗ್ರಿಗಿಂತ ಕಡಿಮೆ ಇರದಿರಲಿ. ಬರೀ ಮರದ ಹಾದಿಯಾದರೆ ಮೇಲೆ ನಯವಾದ ಲ್ಯಾಮಿನೇಟ್ ಚೂರು ಅಂಟಿಸಿ, ಅದರ ತಲೆ ಅಂಚು ಮೇಲಕ್ಕೆ ಏಳದಂತೆ ಉಜ್ಜಿ.

ಇನ್ನೊಂದು ದೋಷ ಬಹಳ ತಲೆಕೆಡಿಸುತ್ತದೆ. ಬೆಳಗ್ಗೆಯೆಲ್ಲ ಚೆನ್ನಾಗಿ ನಡೆದ ಯಂತ್ರ ಸಂಜೆಗೆ ಕಟ್ಟಿಕೊಳ್ಳುತ್ತದೆ. ಬಾಗಿಲು ತೆರೆದು ನೋಡಿದರೆ ಡಬ್ಬ ಅರ್ಧವೂ ತುಂಬಿಲ್ಲ, ನಾಣ್ಯ ಹಾಕಿದರೆ ಹೋಗುತ್ತದೆ. ಏನಾಗಿರುತ್ತದೆ ಅಂದರೆ, ನಾಣ್ಯಗಳು ಒಂದೇ ಜಾಗಕ್ಕೆ ಬಿದ್ದು ಗೋಪುರದಂತೆ ಏರಿ, ಅದರ ತುದಿ ಜಾರುಹಾದಿಯ ಬಾಯಿ ಮುಟ್ಟಿರುತ್ತದೆ. ನೀವು ಬಾಗಿಲು ತೆಗೆದ ಅಲುಗಾಟಕ್ಕೇ ರಾಶಿ ಕುಸಿದು ಸಾಕ್ಷಿ ಮಾಯ. ಹಿಡಿಯುವ ದಾರಿ: ಕಟ್ಟಿಕೊಂಡಾಗ ಮುಂದಿನ ಬಾಗಿಲು ಮುಟ್ಟದೆ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಸರಿಪಡಿಸಲು ಬಾಯಿಯನ್ನು ಡಬ್ಬದ ನಡುಮಧ್ಯಕ್ಕೆ ತನ್ನಿ, ಡಬ್ಬವನ್ನು ಸ್ವಲ್ಪ ಕೆಳಗಿಳಿಸಿ, ಆಗದಿದ್ದರೆ ಬಾಯಿಯ ಕೆಳಗೆ ಓರೆಯಾದ ಒಂದು ತಗಡು ಕೂರಿಸಿ, ನಾಣ್ಯ ಅದಕ್ಕೆ ಬಡಿದು ಚೆದುರಿ ಬೀಳಲಿ.

ಡಬ್ಬ ಕೂತಿರುವ ಅಡ್ಡಹಲಗೆಯನ್ನೂ ನೋಡಿ. ಒಂದು ನಾಣ್ಯ 5 ಗ್ರಾಂ ಅಂತ ಇಟ್ಟುಕೊಂಡರೂ 2000 ನಾಣ್ಯಕ್ಕೆ 10 ಕಿಲೋ. ತೆಳು ಹಲಗೆ ಬಾಗುತ್ತದೆ, ಡಬ್ಬ ಜಾರುಹಾದಿಯಿಂದ ದೂರ ಸರಿಯುತ್ತದೆ, ನಾಣ್ಯ ಹೊರಗೆ ಬಿದ್ದು ವೈರುಗಳ ನಡುವೆ ಹೋಗುತ್ತದೆ. ಪವರ್ ಸಪ್ಲೈ ಅಲ್ಲೇ ಕೆಳಗೆ ತೆರೆದಿದ್ದರೆ ಆ ನಾಣ್ಯ ಶಾರ್ಟ್ ಸರ್ಕ್ಯೂಟ್ ಮಾಡಬಹುದು, ಆದ್ದರಿಂದ ಅವೆರಡರ ನಡುವೆ ಒಂದು ಗೋಡೆ ಇರಲೇಬೇಕು. ಹಲಗೆಯ ದಪ್ಪ ಎರಡು ಪಟ್ಟಾದರೆ ಬಾಗುವುದು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಡೀ ಹಲಗೆ ಬದಲಿಸುವುದು ಬೇಡ ಅನ್ನಿಸಿದರೆ ಮುಂದಿನ ಅಂಚಿನ ಕೆಳಗೆ 40 ಮಿ.ಮೀ. ಎತ್ತರದ ಪಟ್ಟಿ ನಿಲ್ಲಿಸಿ ಅಂಟಿಸಿ, ಅದೇ ತೊಲೆಯ ಕೆಲಸ ಮಾಡುತ್ತದೆ.

ಹಾಕದ ನಾಣ್ಯಕ್ಕೆ ಕ್ರೆಡಿಟ್

ಯಂತ್ರ ಚಾಲೂ ಇಟ್ಟು, ಮುಷ್ಟಿಯಿಂದ ಪೆಟ್ಟಿಗೆಯ ಹೊರಗೆ ಮೆಲ್ಲಗೆ ತಟ್ಟುತ್ತಾ ಬನ್ನಿ. ಯಾವ ಜಾಗದಲ್ಲಿ ತಟ್ಟಿದರೆ ಕ್ರೆಡಿಟ್ ಬೀಳುತ್ತದೋ ಅದರ ಹಿಂದೆ ಸಡಿಲವಾದ ಹಲಗೆ ಇದೆ. ಆ ನಡುಕ, ನಾಣ್ಯ ಒತ್ತಿದಾಗ ಕ್ರೆಡಿಟ್ ಕೊಡುವ ಪುಟ್ಟ ಸ್ವಿಚ್ ಆದ ಮೈಕ್ರೋಸ್ವಿಚ್‌ನ ತಂತಿಯವರೆಗೂ ಹೋಗುತ್ತಿದೆ. ಪ್ಲಗ್ ಕಿತ್ತು, ಸ್ವಿಚ್‌ನ ಎರಡೂ ವೈರ್ ಬಿಡಿಸಿ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಆ ಎರಡು ಕಾಲಿಗೆ ಹಿಡಿಯಿರಿ. ಸಾಮಾನ್ಯ (ಕಾಮನ್) ಕಾಲು ಮತ್ತು ಒತ್ತಿದಾಗ ಮಾತ್ರ ಸೇರುವ ಕಾಲು ಆದರೆ, ತಂತಿ ಒತ್ತಿದಾಗಷ್ಟೇ ಬೀಪ್ ಬರಬೇಕು. ಪೆಟ್ಟಿಗೆ ತಟ್ಟಿದಾಗಲೂ ಬಂದರೆ ತಂತಿ ಅರ್ಧ ಒತ್ತಿದ ಸ್ಥಿತಿಯಲ್ಲೇ ನಿಂತಿದೆ, ಸ್ವಲ್ಪ ಬಾಗಿಸಿ. ಮೊದಲು ಹಲಗೆ ಗಟ್ಟಿ ಮಾಡಿ, ಆಮೇಲೆ ತಂತಿ. ತಂತಿ ಮೊದಲು ಬಾಗಿಸಿದರೆ ಹಗುರ ನಾಣ್ಯ ಅದನ್ನು ಒತ್ತಲಾರದೆ, ಈಗ ಕ್ರೆಡಿಟ್ಟೇ ಬರುತ್ತಿಲ್ಲ ಅನ್ನುವ ಹೊಸ ತೊಂದರೆ ಶುರುವಾಗುತ್ತದೆ. ಕೆಲವು ಬಾಗಿಲುಗಳಲ್ಲಿ ಗುದ್ದಿದರೆ ಆಟ ನಿಲ್ಲಿಸುವ ಇನ್ನೊಂದು ಸ್ವಿಚ್ ಇರುತ್ತದೆ, ಯಂತ್ರ ಸುಮ್ನೆ ರೀಸೆಟ್ ಆಗುತ್ತಿದ್ದರೆ ಅದನ್ನೂ ನೋಡಿ.

ಒಣಹವೆಯಲ್ಲಿ ಮಾತ್ರ, ಯಾರೋ ಬಾಗಿಲು ಮುಟ್ಟಿದ ಕ್ಷಣಕ್ಕೆ ಚಟ್ ಅಂತ ಕಿಡಿ ಹಾರಿ ಕ್ರೆಡಿಟ್ ಬಂದರೆ ಅಥವಾ ಯಂತ್ರ ರೀಸೆಟ್ ಆದರೆ ಅದು ಮೈಮೇಲಿನ ಸ್ಥಾಯೀ ವಿದ್ಯುತ್. ಕಬ್ಬಿಣದ ಬಾಗಿಲಿಗೆ ಅರ್ಥಿಂಗ್ ಇಲ್ಲ ಅಂತ ಅರ್ಥ. ಪ್ಲಗ್ ಕಿತ್ತು, ಬಾಗಿಲಿನಿಂದ ಪ್ಲಗ್‌ನ ಅರ್ಥ್ ಪಿನ್ನಿಗೆ ಮೀಟರ್ ಹಿಡಿದರೆ ಹೆಚ್ಚುಕಡಿಮೆ ಸೊನ್ನೆ ಓಮ್ ತೋರಿಸಬೇಕು. ಮರದ ಪೆಟ್ಟಿಗೆ ಅಲ್ವಾ ಅಂತ ಅರ್ಥ್ ವೈರನ್ನೇ ಬಿಟ್ಟಿರುತ್ತಾರೆ. ವೈರ್ ಇದ್ದರೂ ಬಣ್ಣದ ಮೇಲೆ ಸ್ಕ್ರೂ ಬಿಗಿದಿದ್ದರೆ ಪ್ರಯೋಜನ ಇಲ್ಲ. ಬಣ್ಣ ಕೆರೆದು ಹಲ್ಲಿನ ವಾಷರ್ ಹಾಕಿ, ಬಾಗಿಲು ಮತ್ತು ಚೌಕಟ್ಟಿನ ನಡುವೆ ಹೆಣೆದ ಮೆತ್ತನೆ ವೈರ್ ಕೊಡಿ, ಕೀಲನ್ನು ನಂಬಬೇಡಿ. ಇದು ಕ್ರೆಡಿಟ್ಟಿನ ವಿಷಯ ಮಾತ್ರ ಅಲ್ಲ. ಒಳಗೆ ಮೇನ್ಸ್ ವೈರ್ ಕಳಚಿ ಬಾಗಿಲಿಗೆ ತಗುಲಿದರೆ ಎದುರಿಗೆ ನಿಂತಿರುವುದು ಒಂದು ಮಗು ಆಗಿರಬಹುದು.

ಗುಂಯ್ಗುಡುವುದು, ಬಿಸಿ, ತಳ ಉಬ್ಬುವುದು

ಸ್ಪೀಕರ್ ಜೋರಾದಾಗ ಗುಂಯ್ಗುಟ್ಟಿದರೆ ಅಂಗೈಯಿಂದ ಒಂದೊಂದೇ ಹಲಗೆ ಒತ್ತಿ ಹಿಡಿಯಿರಿ, ಸದ್ದು ನಿಂತ ಕಡೆ ಫೋಮ್ ಟೇಪ್ ಹಾಕಿ. ಅರ್ಧ ಗಂಟೆ ಆದ ಮೇಲೆ ಯಂತ್ರ ಹ್ಯಾಂಗ್ ಆದರೆ ಹಿಂದಿನ ಬಾಗಿಲು ತೆಗೆದಿಟ್ಟು ಓಡಿಸಿ ನೋಡಿ. ಆಗ ಸರಿಯಾದರೆ ಗಾಳಿಯ ದಾರಿ ಇಲ್ಲ. ಕೆಳಗೆ ಒಳಬರಲು, ಮೇಲೆ ಹೊರಹೋಗಲು, ಎರಡೂ ಕಡೆ ತೂತು ಬೇಕು, ಬರೀ ಮೇಲೆ ಇದ್ದರೆ ಸಾಲದು. ಫ್ಯಾನ್ ಹಾಕಿದರೆ ಮೇಲೆ, ಹೊರಕ್ಕೆ ಊದುವಂತೆ ಹಾಕಿ.

ತಳ ಉಬ್ಬಿದ್ದರೆ ನೆಲ ಒರೆಸಿದ ನೀರು ಎಂಡಿಎಫ್ ಅಂಚಿನೊಳಗೆ ಹೋಗಿದೆ. ಒಣಗಿದರೂ ಅದು ಹಿಂದಿನ ದಪ್ಪಕ್ಕೆ ಬರುವುದಿಲ್ಲ. ಉಬ್ಬಿದ ಭಾಗ ಕತ್ತರಿಸಿ ಪ್ಲೈವುಡ್ ಸೇರಿಸಿ, ಅಂಚಿಗೆ ನೀರು ಬೆರೆಸಿದ ಮರದ ಅಂಟು ಬಳಿದು ಒಣಗಿಸಿ, ಉಜ್ಜಿ, ಅದರ ಮೇಲೆ ಎರಡು ಕೋಟ್ ವಾರ್ನಿಷ್ ಕೊಡಿ. ಪೆಟ್ಟಿಗೆ ಕಾಲಿನ ಮೇಲೆ ನೆಲದಿಂದ ಕನಿಷ್ಠ 15 ಮಿ.ಮೀ. ಎತ್ತರದಲ್ಲಿರಲಿ.

ಕಾಲು ಎತ್ತರಿಸಿದ ಮೇಲೆ ಪೆಟ್ಟಿಗೆ ಉರುಳುತ್ತದಾ ಅಂತಲೂ ನೋಡಬೇಕು. ಎದೆಯ ಎತ್ತರದಲ್ಲಿ ಕೈಯಿಟ್ಟು ಮುಂದಕ್ಕೆ ಎಳೆಯಿರಿ, ಆಮೇಲೆ ಪಕ್ಕಕ್ಕೆ. ಇನ್ನೊಬ್ಬರು ಎದುರು ಬದಿಯಲ್ಲಿ ಹಿಡಿದಿರಲಿ. ಸಲೀಸಾಗಿ ಎರಡು ಕಾಲು ಎದ್ದರೆ ಭಾರ ಮೇಲೆ ಜಾಸ್ತಿ ಇದೆ. ಪವರ್ ಸಪ್ಲೈ, ನಾಣ್ಯದ ಡಬ್ಬ ತಳಕ್ಕೆ ಇಳಿಸಿ, ಆಗಲೂ ಎದ್ದರೆ ಗೋಡೆಗೆ ಎಲ್ ಪಟ್ಟಿ ಹಾಕಿ ಹಿಡಿಸಿ. ಮಕ್ಕಳು ಜೋತುಬೀಳುವ ಯಂತ್ರಕ್ಕೆ ನಾನು ಯೋಚನೆಯನ್ನೇ ಮಾಡದೆ ಗೋಡೆಗೆ ಕಟ್ಟಿಬಿಡಿ ಅನ್ನುತ್ತೇನೆ.

ಎಲ್ಲ ಸರಿಮಾಡಿ ಅಕ್ಸೆಪ್ಟರ್ ಮತ್ತೆ ಕೂರಿಸಿದ ಮೇಲೆ ಮೊದಲಿನ ಇಪ್ಪತ್ತು ನಾಣ್ಯಗಳನ್ನೇ ಮತ್ತೆ ಹಾಕಿ. ಒಂದು ಸುತ್ತು ನಿಧಾನವಾಗಿ, ಒಂದು ಸುತ್ತು ಬೆನ್ನುಬೆನ್ನಿಗೆ, ಇನ್ನೊಂದು ಸುತ್ತು ಯಾರಾದರೂ ಪೆಟ್ಟಿಗೆಗೆ ಒರಗಿ ನಿಂತಿರುವಾಗ. ಒರಗಿದಾಗ ಮಾತ್ರ ವಾಪಸ್ ಬಂದರೆ ಹಿಂದಿನ ಹಲಗೆಯ ಹತ್ತಿರ ಮತ್ತೆ ಹೋಗಿ ಸ್ಕ್ರೂ ಒಂದೊಂದಾಗಿ ನೋಡಿ, ಅಲ್ಲಿ ಎಲ್ಲೋ ಅಂಟು ಹಿಡಿದಿಲ್ಲ.